ಮಹಾಡದ ಕೆರೆ

ಅನ್ಯಾಯವನ್ನು ತಲತಲಾಂತರದಿಂದ ಹಣೆಬರಹವೆಂದು ಸಹಿಸಿಕೊಂಡವರು ಒಂದು ದಿನ ಒಟ್ಟಾಗಿ ಎದ್ದು ನಿಲ್ಲುವದಕ್ಕೆ ಕಾರಣವೇನು? ಬಾಧೆಯು ಹೆಚ್ಚಾದದ್ದೇ ಕಾರಣವೆಂದು ಅನೇಕರು ಹೇಳುವರು. ಇದು ಸರಿಯೋ ಎಂದು ತಿಳಿಯುವದಕ್ಕೆ ಆಗಿನ ಮುಂಬಯಿ ಪ್ರಾಂತದ ಮಹಾಡವೆಂಬ ಊರಿನ ಸಂಗತಿಯನ್ನು ವಿಚಾರಿಸುವ.

ಆ ಊರಲ್ಲಿ ಚವದಾರ್ ಎಂಬ ಸಾರ್ವಜನಿಕ ಕೆರೆಯುಂಟು. ಅದರ ನೀರನ್ನು ಅನ್ಯಮತದವರು ಮುಟ್ಟಬಹುದಿತ್ತು, ದನಕರುಗಳಿಗೂ ತಡೆಯಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರಿಗೆ ಮಾತ್ರ ಕೂಡದು. 1923ರಲ್ಲಿ ಮುಂಬಯಿಯ ಶಾಸನಸಭೆಯು ಸಾರ್ವಜನಿಕ ಕೆರೆಬಾವಿಗಳು ಅವರಿಗೂ ತೆರೆದಿರಬೇಕೆಂದು ನಿರ್ಣಯಿಸಿತು. 1924ರಲ್ಲಿ ಮಹಾಡದ ಪುರಸಭೆಯೂ ಅದನ್ನು ಒಪ್ಪಿತು. ಆದರೂ ಆ ಹಕ್ಕು ಮೂರು ವರುಷ ಕಾಗದದಲ್ಲಿಯೇ ಉಳಿಯಿತು. ಇದನ್ನು ಹೇಡಿತನವೆಂದು ಎಣಿಸಬಾರದು. ಒಂಟಿಯಾಗಿ ನೀರಿಗಿಳಿದವನು ಪೆಟ್ಟು ತಿನ್ನುವನು. ಮರುದಿನ ಅವನ ಮನೆಯವರಿಗೆ ಕೂಲಿಯೂ ಇಲ್ಲ, ಅಂಗಡಿಯಲ್ಲಿ ಉಪ್ಪೂ ಇಲ್ಲ. ಹಳ್ಳಿಯಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕೋ?

1927ನೇ ಇಸವಿ ಮಾರ್ಚ್ 19 ಮತ್ತು 20ರಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸುತ್ತಣ ಹಳ್ಳಿಗಳವರು ಅಲ್ಲಿ ದೊಡ್ಡ ಸಭೆ ಕೂಡಿದರು. ಸೈನ್ಯದಲ್ಲಿ ಸೇವೆ ಮಾಡಿ, ಬೇರೆ ವಿಧವಾಗಿಯೂ ಬದುಕಬಹುದೆಂದು ಕಂಡು ಬಂದವರೂ ಅವರೊಳಗಿದ್ದರು. ಬಾಧೆಯು ಹಿಂದಿನದೇ, ಹೊಸದೇನಂದರೆ, ತನ್ನ ದುಃಖವೇ ನೆರೆಯವನದೆಂದೂ, ತಾನು ಹೆಜ್ಜೆಯಿಟ್ಟರೆ ಅವನೂ ಇಡುವನೆಂದೂ ಪ್ರತಿಯೊಬ್ಬನಿಗೆ ಭರವಸವಾಯಿತು. ಅವರು ಸಾಲಾಗಿ ನಡೆದು ಕೆರೆಯ ನೀರನ್ನು ಕುಡಿದರು.

ಇವರು ಗುಡಿಯನ್ನೂ ಹೊಗುವರೆಂಬ ಸುಳ್ಳು ಸುದ್ದಿ ಹಬ್ಬಿತು. ಜನರು ದೊಣ್ಣೆ ಹಿಡಿದು ಬಂದು ಅವರನ್ನು ಹೊಡೆದರು. ತಿರುಗಿ ಹೊಡೆಯಬೇಡಿರೆಂದು ಅಂಬೇಡ್ಕರರು ತಮ್ಮವರನ್ನು ತಡೆದರು. ಆ ಮೇಲೆ ಮೇಲ್ಜಾತಿಯವರು 108 ಕೊಡ ನೀರನ್ನು ತೆಗೆದು, ಸೆಗಣಿ ಗಂಜಲ ಹಾಲು ಮೊಸರುಗಳಿಂದ ಕೆರೆಯನ್ನು ಶುದ್ಧಿ ಮಾಡಿದರು. ನನಗೆ ತೋರುವ ಪ್ರಕಾರ ದೊಣ್ಣೆಯ ಪೆಟ್ಟಿಗಿಂತ ಈ ಶುದ್ಧಿಯೇ ಹೆಚ್ಚು ನೋಯಿಸಿತು; ಯಾಕಂದರೆ ಪೆಟ್ಟು ಕೆಲವರಿಗೆ ಬಿತ್ತು, ಈ ಅವಮಾನವು ಅಲ್ಲಿಗೆ ಬಾರದವರಿಗೂ ತಗಲಿತು.

ಆದಕಾರಣ ಡಿಸೆಂಬರಿನಲ್ಲಿ ಸಾವಿರಾರು ಮಂದಿ ಸೆರೆಮನೆಗೂ ಸಿದ್ಧರಾಗಿ ತಿರಿಗಿ ಕೂಡಿದರು. ಈ ನೀರಿಲ್ಲದೆ ನಾವು ಸತ್ತವರಲ್ಲ, ನಾವೂ ಮನುಷ್ಯರೆಂದು ಸ್ಥಾಪಿಸುವದಕ್ಕೆ ಬಂದಿದ್ದೇವೆಂಬ ಭಾವವನ್ನು ಅಂಬೇಡ್ಕರರು ಅವರಿಗೆ ವಿವರಿಸಿದರು. ನ್ಯಾಯಾಲಯದ ತಡೆಯಾಜ್ಞೆ ಬಂದದರಿಂದ ಆ ಸಾರಿ ಅವರು ನೀರನ್ನು ಮುಟ್ಟಲಿಲ್ಲ. ಮುಂಬಯಿಯ ಉಚ್ಚ ನ್ಯಾಯಾಲಯವು ಅವರ ಪಕ್ಷವಾಗಿ ತೀರ್ಪು ಕೊಟ್ಟದ್ದು 1937ರ ಮಾರ್ಚ್ ತಿಂಗಳಲ್ಲಿ.