ಸಕ್ಕರೆ ಇಳಿಯಿತೆಂದು ಮಾತ್ರೆ ಬಿಡಬೇಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರೇ, ಸಕ್ಕರೆ ಕಾಯಿಲೆ ಈಗಷ್ಟೇ ಗೊತ್ತಾಗಿದ್ದರೆ ಗಾಬರಿ ಬೇಡ. ಆದರೆ ಖಾಲಿ ಹೊಟ್ಟೆಯ ಸಕ್ಕರೆ 110ಕ್ಕೆ ಬಂತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಇಳಿದದ್ದೇ ಮಾತ್ರೆಯ ಬಲದಿಂದ! ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಮಾಡಿಸಿ, ಎರಡು-ಮೂರು ತಿಂಗಳ ನಿಜವಾದ ಲೆಕ್ಕ ಅದರಲ್ಲಿರುತ್ತದೆ. ಹಾಗಲಕಾಯಿ ರಸ ಮಾತ್ರೆಗೆ ಬದಲಿಯಲ್ಲ.

ಇನ್ನು ಊಟ. ಚಹಾಕ್ಕೆ ಸಕ್ಕರೆ ಬಿಟ್ಟವರೇ ಮೂರು ಹೊತ್ತೂ ಬಟ್ಟಲು ತುಂಬ ಗಂಜಿ ಉಣ್ಣುತ್ತಾರೆ. ಕುಚ್ಚಲಕ್ಕಿಯೂ ಅಕ್ಕಿಯೇ ಮಾರಾಯ್ರೆ. ಗಂಜಿ ಅರ್ಧ ಮಾಡಿ; ಅಲಸಂಡೆ, ತೊಂಡೆಕಾಯಿ ಪಲ್ಯ, ಹೆಸರುಕಾಳು ಹೆಚ್ಚಿಸಿ.

ಗ್ಲಿಮೆಪಿರೈಡ್ ಎಂಬ ಸಕ್ಕರೆ ಮಾತ್ರೆ ನುಂಗುವವರು ಏಕಾದಶಿ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಿ; ಸಕ್ಕರೆ ಕುಸಿದು ಬೆವರಿ ತಲೆ ತಿರುಗೀತು. ಕಾಲಿಗೆ ಗಾಯವಾಗದಂತೆಯೂ ಎಚ್ಚರ ಬೇಕು: ಅಡಿಕೆ ತೋಟಕ್ಕೆ ಬರಿಗಾಲಲ್ಲಿ ಇಳಿಯಬೇಡಿ, ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ. ಖರ್ಚಿನ ಚಿಂತೆಯಿದ್ದರೆ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ ಮಾತ್ರೆ ವಿಚಾರಿಸಿ.