ಇನ್ಸುಲೇಶನ್ನಿನ ಒಳಗನ್ನು ಅಳೆಯುವುದು: ಪಿಡಿ ಮತ್ತು ಸ್ಪೇಸ್ ಚಾರ್ಜ್, ಹಂತ ಹಂತವಾಗಿ

ಹೈವೋಲ್ಟೇಜ್ ಕೇಬಲ್ಲಿನ ಇನ್ಸುಲೇಶನ್ ಸಾಮಾನ್ಯವಾಗಿ ಒಂದೇ ಏಟಿಗೆ ಕೈಕೊಡುವುದಿಲ್ಲ. ಪ್ಲಾಸ್ಟಿಕ್ಕಿನೊಳಗೆ ಎಲ್ಲೋ ಉಳಿದುಹೋದ ಸಣ್ಣ ಪೊಳ್ಳಿನಲ್ಲಿ ಕಿಡಿ ಹಾರುತ್ತದೆ, ಆರುತ್ತದೆ, ಮತ್ತೆ ಹಾರುತ್ತದೆ. ಎರಡು ಎಲೆಕ್ಟ್ರೋಡುಗಳ ನಡುವಿನ ದಾರಿಯನ್ನು ಪೂರ್ತಿ ದಾಟದೆ ಒಂದು ಭಾಗದಲ್ಲಷ್ಟೇ ಆಗುವ ಈ ಕಿಡಿಯೇ ಪಾರ್ಶಿಯಲ್ ಡಿಸ್ಚಾರ್ಜ್. ಲ್ಯಾಬಿನಲ್ಲಿ ಎಲ್ಲರೂ ಪಿಡಿ ಎಂದೇ ಕರೆಯುತ್ತಾರೆ. ಪ್ರತಿ ಕಿಡಿಯೂ ಪೊಳ್ಳಿನ ಗೋಡೆಯನ್ನು ಒಂದಿಷ್ಟು ಕೊರೆಯುತ್ತದೆ. ಕಾಲ ಕಳೆದಂತೆ ಅಲ್ಲಿಂದ ಕವಲೊಡೆದ ಸೀಳುಗಳು ಬೆಳೆದು, ಕೊನೆಗೊಂದು ದಿನ ಕೇಬಲ್ ಸುಡುತ್ತದೆ.

ಇದು ಎಸಿಯ ಕಥೆ. ಡಿಸಿಯಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ವೋಲ್ಟೇಜ್ ಒಂದೇ ದಿಕ್ಕಿನಲ್ಲಿ ಗಂಟೆಗಟ್ಟಲೆ ನಿಂತಾಗ ಚಾರ್ಜುಗಳು ಪ್ಲಾಸ್ಟಿಕ್ಕಿನೊಳಕ್ಕೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಇದು ಸ್ಪೇಸ್ ಚಾರ್ಜ್. ಒಳಗಿನ ವಿದ್ಯುತ್ ಕ್ಷೇತ್ರವನ್ನು ಇದು ನಮ್ಮ ಲೆಕ್ಕಕ್ಕೆ ಸಿಗದಂತೆ ಬದಲಾಯಿಸಿಬಿಡುತ್ತದೆ.

ಎರಡನ್ನೂ ಅಳೆಯುವವರಿಗೆ ನಿಯಮ ಒಂದೇ. ಏನು ಬರಬೇಕೆಂದು ಮೊದಲೇ ಲೆಕ್ಕ ಹಾಕಿ, ಗೊತ್ತಿರುವ ಚಾರ್ಜ್ ಕೊಟ್ಟು ಉಪಕರಣವನ್ನು ಪರೀಕ್ಷಿಸಿ, ದೋಷವಿಲ್ಲದ ಸ್ಯಾಂಪಲ್ ಸುಮ್ಮನಿದೆಯೇ ನೋಡಿ. ಈ ಮೂರೂ ಆಗುವವರೆಗೆ ಪರದೆಯ ಮೇಲಿನ ಅಂಕಿಯನ್ನು ನಂಬಬೇಡಿ. ಇಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಪಾಲಿಥೀನ್ ಹಾಳೆಯನ್ನೇ ಇಟ್ಟುಕೊಂಡು ಎರಡೂ ಅಳತೆಗಳನ್ನು ಕಲಿಯೋಣ.

ಮೊದಲು ಸುರಕ್ಷತೆ

ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಕಾಲೇಜಿನ ಹೈವೋಲ್ಟೇಜ್ ಲ್ಯಾಬಿನಲ್ಲಿ, ಅನುಭವಿಗಳ ಜೊತೆಯಲ್ಲೇ ಮಾಡಬೇಕು. ಒಬ್ಬರೇ ಇರುವಾಗ ಸ್ವಿಚ್ ಮುಟ್ಟಬೇಡಿ. ಬೇಲಿಯ ಬಾಗಿಲು ತೆರೆದರೆ ಸಪ್ಲೈ ತಾನಾಗಿ ಕಡಿದುಹೋಗುವ ಇಂಟರ್‌ಲಾಕ್ ಇರಲೇಬೇಕು. ಸಪ್ಲೈ ಆಫ್ ಮಾಡಿದ ಮೇಲೂ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಡಿಸ್ಚಾರ್ಜ್ ರಾಡನ್ನು ಹೈವೋಲ್ಟೇಜ್ ತುದಿಗೆ ಮುಟ್ಟಿಸಿ, ಕೆಲಸ ಮುಗಿಯುವವರೆಗೆ ಅಲ್ಲೇ ತೂಗುಹಾಕಿ. ಡಿಸಿ ಪ್ರಯೋಗದಲ್ಲಿ ಒಮ್ಮೆ ಮುಟ್ಟಿಸಿ ತೆಗೆದರೆ ಸಾಲದು. ಪ್ಲಾಸ್ಟಿಕ್ಕಿನೊಳಗಿನ ಚಾರ್ಜ್ ನಿಧಾನವಾಗಿ ಹೊರಬಂದು ವೋಲ್ಟೇಜ್ ಮತ್ತೆ ಏರುತ್ತದೆ.

ಭಾಗ ಒಂದು: ಪಿಡಿ

ಹಂತ 1: ಗೊತ್ತಿರುವ ದೋಷವನ್ನು ನೀವೇ ಮಾಡಿ

ಪಾಲಿಥೀನ್ ಹಾಳೆಯ ಮೂರು ತುಂಡು ತೆಗೆದುಕೊಳ್ಳಿ. ನಡುವಿನ ತುಂಡಿನಲ್ಲಿ 5 ಮಿಲಿಮೀಟರ್ ಅಗಲದ ದುಂಡು ರಂಧ್ರ ಕೊರೆಯಿರಿ. ಹಾಳೆಗಳ ನಡುವೆ ಬೇರೆಲ್ಲೂ ಗಾಳಿ ಉಳಿಯದಂತೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಅದು ರಂಧ್ರದ ಅಂಚಿನವರೆಗೆ ಬರಬಹುದು, ಒಳಕ್ಕೆ ಇಳಿಯಬಾರದು. ಮೂರನ್ನೂ ಒತ್ತಿ ಒಂದರ ಮೇಲೊಂದು ಕೂರಿಸಿ. ಅಂಚು ದುಂಡಗಿರುವ ಎರಡು ಲೋಹದ ಎಲೆಕ್ಟ್ರೋಡುಗಳ ನಡುವೆ ಇಟ್ಟು, ಇಡೀ ಜೋಡಣೆಯನ್ನು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಮುಳುಗಿಸಿ. ಎಣ್ಣೆಯಿಲ್ಲದಿದ್ದರೆ ಎಲೆಕ್ಟ್ರೋಡಿನ ಅಂಚಿನಲ್ಲೇ ಕಿಡಿಯೆದ್ದು ಪೊಳ್ಳಿನ ಕಿಡಿ ಅದರಲ್ಲಿ ಮುಚ್ಚಿಹೋಗುತ್ತದೆ.

ರಂಧ್ರವಿಲ್ಲದ ಮೂರು ಹಾಳೆಗಳ ಇನ್ನೊಂದು ಸ್ಯಾಂಪಲ್ಲನ್ನೂ ಹೀಗೆಯೇ ತಯಾರಿಸಿಟ್ಟುಕೊಳ್ಳಿ. ಅದರ ಕೆಲಸ ಮುಂದೆ ಇದೆ.

ಹಂತ 2: ಏನು ಬರಬೇಕೆಂದು ಲೆಕ್ಕ ಹಾಕಿ

ಪಾಲಿಥೀನಿನ ಪರ್ಮಿಟಿವಿಟಿ ಗಾಳಿಯದಕ್ಕಿಂತ 2.3 ಪಟ್ಟು. ಹೀಗಾಗಿ ಚಪ್ಪಟೆ ಪೊಳ್ಳಿನೊಳಗಿನ ಕ್ಷೇತ್ರ ಸುತ್ತಲಿನ ಪ್ಲಾಸ್ಟಿಕ್ಕಿನದಕ್ಕಿಂತ 2.3 ಪಟ್ಟು ಹೆಚ್ಚು. ತಡೆಯುವ ಶಕ್ತಿಯಾದರೋ ಗಾಳಿಗೇ ಕಡಿಮೆ. ಹೆಚ್ಚು ಹೊರೆ ಬೀಳುವುದೇ ದುರ್ಬಲ ಜಾಗದ ಮೇಲೆ ಎಂಬುದರಲ್ಲೇ ಪಿಡಿಯ ಮೂಲವಿದೆ.

ಸಾಧಾರಣ ಒತ್ತಡದಲ್ಲಿ ಅರ್ಧ ಮಿಲಿಮೀಟರ್ ಗಾಳಿಯ ಅಂತರ ಸುಮಾರು 2.6 ಕೆವಿ ಪೀಕ್ ವೋಲ್ಟೇಜಿಗೆ ಒಡೆಯುತ್ತದೆ. ಆಗ ಪೊಳ್ಳಿನಲ್ಲಿ ಮಿಲಿಮೀಟರಿಗೆ 5.1 ಕೆವಿ ಇರುತ್ತದೆ, ಪ್ಲಾಸ್ಟಿಕ್ಕಿನಲ್ಲಿ 2.2 ಕೆವಿ. ಪೊಳ್ಳಿನ ಮೇಲೆ ಕೆಳಗೆ ಸೇರಿ ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಇದೆ. ಒಟ್ಟು ಸುಮಾರು 4.8 ಕೆವಿ ಪೀಕ್, ಅಂದರೆ 3.4 ಕೆವಿ ಆರ್‌ಎಂಎಸ್. ಕಿಡಿ ಶುರುವಾಗಬೇಕಾದದ್ದು ಈ ಆಸುಪಾಸಿನಲ್ಲಿ.

ಎಷ್ಟು ಚಾರ್ಜ್ ಕಾಣಬೇಕು? ಪೊಳ್ಳಿನ ಮೇಲೆ ಕೆಳಗಿರುವ ಪ್ಲಾಸ್ಟಿಕ್ಕಿನ ಕೆಪಾಸಿಟೆನ್ಸ್ ಸುಮಾರು 0.4 ಪಿಕೋಫ್ಯಾರಡ್. ಇಡೀ ಪೊಳ್ಳು ಒಮ್ಮೆಗೇ ಡಿಸ್ಚಾರ್ಜ್ ಆದರೂ ಹೊರಗಿನ ಸರ್ಕ್ಯೂಟಿಗೆ ತಿಳಿಯುವುದು ಅದರ ಮತ್ತು 2.6 ಕೆವಿಯ ಗುಣಲಬ್ಧ ಮಾತ್ರ: ಸುಮಾರು 1000 ಪಿಕೋಕೂಲಂಬ್. ಪೊಳ್ಳಿನೊಳಗೆ ನಿಜವಾಗಿ ಹರಿದದ್ದು ಇದರ ಹೆಚ್ಚುಕಡಿಮೆ ಎರಡು ಪಟ್ಟು. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿ. ಪಿಡಿ ಮೀಟರ್ ತೋರಿಸುವುದು ತೋರಿಕೆಯ ಚಾರ್ಜನ್ನು, ಕಿಡಿಯ ಸ್ವಂತ ಚಾರ್ಜನ್ನಲ್ಲ. ಸ್ವಂತ ಚಾರ್ಜನ್ನು ಹೊರಗಿನಿಂದ ಅಳೆಯಲು ಬರುವುದಿಲ್ಲ.

ಹಂತ 3: ಸರ್ಕ್ಯೂಟ್ ಜೋಡಿಸಿ

ಐಇಸಿ 60270 ಸ್ಟಾಂಡರ್ಡ್ ಹೇಳುವ ಸರ್ಕ್ಯೂಟ್ ಸರಳವಾಗಿದೆ. ಟೆಸ್ಟ್ ಟ್ರಾನ್ಸ್‌ಫಾರ್ಮರ್, ಅದರ ಮುಂದೆ ಸಪ್ಲೈ ಕಡೆಯ ನಾಯ್ಸ್ ತಡೆಯುವ ಫಿಲ್ಟರ್, ಆಮೇಲೆ ಸ್ಯಾಂಪಲ್. ಸ್ಯಾಂಪಲ್ಲಿಗೆ ಸಮಾನಾಂತರವಾಗಿ ಕಪ್ಲಿಂಗ್ ಕೆಪಾಸಿಟರ್, ಅದರ ಕೆಳತುದಿಗೂ ಅರ್ತ್‌ಗೂ ನಡುವೆ ಮೆಷರಿಂಗ್ ಇಂಪೀಡೆನ್ಸ್. ಸ್ಯಾಂಪಲ್ಲಿನಲ್ಲಿ ಕಿಡಿಯೆದ್ದಾಗ ಅದಕ್ಕೆ ಬೇಕಾದ ಚಾರ್ಜನ್ನು ಕಪ್ಲಿಂಗ್ ಕೆಪಾಸಿಟರ್ ಒದಗಿಸುತ್ತದೆ, ಆ ಪಲ್ಸ್ ಇಂಪೀಡೆನ್ಸಿನಲ್ಲಿ ಸಿಗುತ್ತದೆ. 1 ನ್ಯಾನೋಫ್ಯಾರಡ್ ಕೆಪಾಸಿಟರ್ ನಮ್ಮ ಸಣ್ಣ ಸ್ಯಾಂಪಲ್ಲಿಗೆ ಧಾರಾಳ. ಆದರೆ ಅದರಲ್ಲೇ ಪಿಡಿ ಇರಬಾರದು.

ಹೈವೋಲ್ಟೇಜ್ ತಂತಿಯ ಬದಲು ದಪ್ಪ, ನುಣುಪಾದ ಕೊಳವೆ ಬಳಸಿ. ಪ್ರತಿ ಚೂಪು ತುದಿಗೂ ಗುಂಡು ಅಥವಾ ಉಂಗುರ ತೊಡಿಸಿ. ಅರ್ತ್‌ಗೆ ಅಗಲವಾದ ತಾಮ್ರದ ಪಟ್ಟಿ ಹಾಕಿ, ಎಲ್ಲವನ್ನೂ ಒಂದೇ ಬಿಂದುವಿಗೆ ತನ್ನಿ. ಹತ್ತಿರದಲ್ಲಿ ಬಿದ್ದಿರುವ ಸ್ಪ್ಯಾನರ್, ತಗಡು, ಸ್ಕ್ರೂ ಎಲ್ಲವನ್ನೂ ತೆಗೆಯಿರಿ. ಯಾವುದಕ್ಕೂ ತಗುಲದೆ ನಿಂತ ಲೋಹ ತಾನೇ ಕಿಡಿ ಹಾರಿಸುತ್ತದೆ.

ಹಂತ 4: ಕ್ಯಾಲಿಬ್ರೇಟ್ ಮಾಡಿ

ತಕ್ಕಡಿಗೆ ತೂಕದ ಬಟ್ಟು ಇಟ್ಟು ನೋಡುವಂತೆ, ಗೊತ್ತಿರುವ ಚಾರ್ಜನ್ನು ಸ್ಯಾಂಪಲ್ಲಿಗೆ ಕೊಟ್ಟು ಮೀಟರ್ ಏನು ಹೇಳುತ್ತದೆ ನೋಡುವ ಕೆಲಸ ಇದು. ಕ್ಯಾಲಿಬ್ರೇಟರಿನೊಳಗೆ ಸಣ್ಣ ಕೆಪಾಸಿಟರ್, ಥಟ್ಟನೆ ಏರುವ ವೋಲ್ಟೇಜ್ ಇಷ್ಟೇ ಇರುತ್ತದೆ. 100 ಪಿಕೋಫ್ಯಾರಡ್ ಮೂಲಕ 1 ವೋಲ್ಟ್ ಏರಿಸಿದರೆ 100 ಪಿಕೋಕೂಲಂಬ್.

ಹೈವೋಲ್ಟೇಜ್ ಆಫ್ ಇರುವಾಗ, ಡಿಸ್ಚಾರ್ಜ್ ರಾಡ್ ತೆಗೆದು, ಕ್ಯಾಲಿಬ್ರೇಟರನ್ನು ಸ್ಯಾಂಪಲ್ಲಿನ ಎರಡು ತುದಿಗೇ ಗಿಡ್ಡ ತಂತಿಯಲ್ಲಿ ಜೋಡಿಸಿ. ಮೀಟರಿನ ಇನ್‌ಪುಟ್ಟಿಗೆ ಜೋಡಿಸಬಾರದು, ಏಕೆಂದರೆ ಅಳೆಯಬೇಕಾಗಿರುವುದು ಇಡೀ ಸರ್ಕ್ಯೂಟಿನ ನಡವಳಿಕೆಯನ್ನು. ಮೀಟರ್ 100 ತೋರಿಸುವಂತೆ ಹೊಂದಿಸಿ, ಆಮೇಲೆ 10 ಕೊಟ್ಟು 10 ಬರುತ್ತದೆಯೇ ನೋಡಿ. ಮುಗಿದ ಕೂಡಲೆ ಕ್ಯಾಲಿಬ್ರೇಟರನ್ನು ಬಿಚ್ಚಿ ಬೇಲಿಯ ಹೊರಗೆ ತನ್ನಿ. ಅದನ್ನು ಮರೆತು ವೋಲ್ಟೇಜ್ ಏರಿಸಿದರೆ ಅದು ಸುಟ್ಟುಹೋಗುತ್ತದೆ. ಸ್ಯಾಂಪಲ್ ಬದಲಾಯಿಸಿದರೆ ಕ್ಯಾಲಿಬ್ರೇಶನ್ನೂ ಹೊಸದಾಗಿ ಆಗಬೇಕು.

ಹಂತ 5: ದೋಷವಿಲ್ಲದ ಸ್ಯಾಂಪಲ್ಲಿನಿಂದ ಶುರುಮಾಡಿ

ರಂಧ್ರವಿಲ್ಲದ ಹಾಳೆಗಳನ್ನು ಇಟ್ಟು ವೋಲ್ಟೇಜನ್ನು ನಿಧಾನವಾಗಿ 5 ಕೆವಿಗೆ ಏರಿಸಿ. ಏನೂ ಕಾಣಬಾರದು. ಕಂಡರೆ ಅದು ನಿಮ್ಮ ಸರ್ಕ್ಯೂಟಿನ ದೋಷ. ಸೊನ್ನೆ ವೋಲ್ಟೇಜಿನಲ್ಲೂ ಇದ್ದರೆ ಹೊರಗಿನ ನಾಯ್ಸ್: ರೇಡಿಯೋ ಪ್ರಸಾರ, ಮೋಟಾರ್ ಡ್ರೈವ್, ಎಲ್‌ಇಡಿ ದೀಪದ ಸಪ್ಲೈ. ವೋಲ್ಟೇಜ್ ಏರಿದಂತೆ ಶುರುವಾದರೆ ಯಾವುದೋ ಚೂಪು ತುದಿಯ ಸುತ್ತಲಿನ ಗಾಳಿಯಲ್ಲಿ ಕಿಡಿ, ಅಂದರೆ ಕೊರೋನಾ, ಇದೆ. ಕತ್ತಲೆ ಮಾಡಿ ಕಿವಿಗೊಟ್ಟರೆ ಅದರ ಸಿಳ್ಳು ಕೇಳಬಹುದು. ಅನುಮತಿಸಿದ ಪಿಡಿ ಮಟ್ಟದ ಅರ್ಧಕ್ಕಿಂತ ನಾಯ್ಸ್ ಕಡಿಮೆಯಾಗುವವರೆಗೆ ಮುಂದಕ್ಕೆ ಹೋಗಬೇಡಿ. ಕಲಿಯುವವರ ಸಮಯ ಹೆಚ್ಚು ಹಿಡಿಯುವುದು ಈ ಹಂತವೇ, ಮತ್ತು ಹಿಡಿಯಬೇಕಾದ್ದೂ ಇದೇ.

ಹಂತ 6: ಪೊಳ್ಳಿನ ಸ್ಯಾಂಪಲ್ ಇಟ್ಟು ಏರಿಸಿ, ಇಳಿಸಿ

ಈಗ ರಂಧ್ರದ ಸ್ಯಾಂಪಲ್ ಇಟ್ಟು, ಮತ್ತೆ ಕ್ಯಾಲಿಬ್ರೇಟ್ ಮಾಡಿ, ವೋಲ್ಟೇಜ್ ಏರಿಸುತ್ತಾ ಬನ್ನಿ. ಪಲ್ಸುಗಳು ಬಿಡದೆ ಕಾಣಿಸಿಕೊಂಡ ವೋಲ್ಟೇಜನ್ನು ಬರೆದುಕೊಳ್ಳಿ. ಇದು ಆರಂಭದ ವೋಲ್ಟೇಜ್. ಆಮೇಲೆ ನಿಧಾನವಾಗಿ ಇಳಿಸಿ, ಪಲ್ಸುಗಳು ನಿಂತ ವೋಲ್ಟೇಜನ್ನೂ ಬರೆಯಿರಿ. ಅದು ಸಾಮಾನ್ಯವಾಗಿ ಆರಂಭದ್ದಕ್ಕಿಂತ ಕಡಿಮೆ ಇರುತ್ತದೆ. ಹೊಸ ಪೊಳ್ಳಿನಲ್ಲಿ 3.4 ಕೆವಿ ದಾಟಿದರೂ ಸ್ವಲ್ಪ ಹೊತ್ತು ಏನೂ ಆಗದಿರಬಹುದು. ಕಿಡಿ ಶುರುವಾಗಲು ಒಂದಾದರೂ ಬಿಡಿ ಎಲೆಕ್ಟ್ರಾನ್ ಬೇಕು, ಅದು ಸಿಗುವವರೆಗೆ ಕಾಯಬೇಕು. ಒಮ್ಮೆ ಕಿಡಿಯಾದರೆ ಗೋಡೆಗೆ ಅಂಟಿದ ಚಾರ್ಜುಗಳು ಮುಂದಿನ ಕಿಡಿಗೆ ನೆರವಾಗುತ್ತವೆ.

ಹಂತ 7: ಚಿತ್ತಾರ ಓದಿ

ಇಂದಿನ ಪಿಡಿ ಉಪಕರಣಗಳು ಪ್ರತಿ ಪಲ್ಸನ್ನೂ ಎಸಿ ಅಲೆಯ ಯಾವ ಡಿಗ್ರಿಯಲ್ಲಿ ಬಂತೆಂದು ಗುರುತಿಸಿ ಚುಕ್ಕಿ ಇಡುತ್ತವೆ. ಚುಕ್ಕಿಗಳು ಸೇರಿ ಮೂಡುವ ಚಿತ್ತಾರ ಒಂಟಿ ಅಂಕಿಗಿಂತ ಹೆಚ್ಚು ಮಾತಾಡುತ್ತದೆ.

- ಒಳಗಿನ ಪೊಳ್ಳು: ವೋಲ್ಟೇಜಿನ ಪ್ರಮಾಣ ಏರುವ ಹೊತ್ತಿನಲ್ಲಿ, ಅಂದರೆ 0–90 ಮತ್ತು 180–270 ಡಿಗ್ರಿಗಳಲ್ಲಿ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎತ್ತರದ ಗುಂಪುಗಳು.
- ಹೈವೋಲ್ಟೇಜ್ ಕಡೆಯ ಚೂಪು ತುದಿಯ ಕೊರೋನಾ: ಮೊದಲು 270 ಡಿಗ್ರಿಯ ಸುತ್ತ, ಋಣ ಅರ್ಧದಲ್ಲಿ ಮಾತ್ರ. ಚೂಪು ತುದಿ ಅರ್ತ್ ಕಡೆಗಿದ್ದರೆ 90 ಡಿಗ್ರಿಯ ಸುತ್ತ.
- ಥೈರಿಸ್ಟರ್ ಡ್ರೈವಿನ ನಾಯ್ಸ್: ಸಮ ಅಂತರದಲ್ಲಿ ನಿಂತ ಗೆರೆಗಳು. ವೋಲ್ಟೇಜ್ ಏರಿಸಿದರೂ ಇಳಿಸಿದರೂ ಬದಲಾಗುವುದಿಲ್ಲ.

ನಿಜವಾದ ಕೇಬಲ್ಲಿಗೆ ಹೋದಾಗ

ಇದೇ ಸರ್ಕ್ಯೂಟಿನಲ್ಲಿ 11 ಕೆವಿ ಕೇಬಲ್ಲನ್ನೂ ಪರೀಕ್ಷಿಸಬಹುದು. ಅದರ ಫೇಸ್–ಅರ್ತ್ ವೋಲ್ಟೇಜ್ 6.35 ಕೆವಿ. ಐಇಸಿ 60502-2 ಪ್ರಕಾರ ಅದರ 2 ಪಟ್ಟಿಗೆ, ಅಂದರೆ 12.7 ಕೆವಿಗೆ ಏರಿಸಿ, 10 ಸೆಕೆಂಡ್ ನಿಲ್ಲಿಸಿ, 1.73 ಪಟ್ಟಿಗೆ, ಅಂದರೆ 11 ಕೆವಿಗೆ ಇಳಿಸಿ ಓದಬೇಕು. ಸರ್ಕ್ಯೂಟ್ 10 ಪಿಕೋಕೂಲಂಬನ್ನಾದರೂ ಗುರುತಿಸುವಂತಿರಬೇಕು, ಘೋಷಿಸಿದ ಆ ಮಟ್ಟಕ್ಕಿಂತ ಹೆಚ್ಚಿನ ಪಿಡಿ ಕಾಣಬಾರದು.

ಇಲ್ಲಿ ಕೈಚಳಕ ಬೇಕಾಗುವುದು ಕೇಬಲ್ ತುದಿಯ ತಯಾರಿಯಲ್ಲಿ. ಹೊರಗಿನ ಕಪ್ಪು ಸೆಮಿಕಂಡಕ್ಟರ್ ಪದರವನ್ನು ಸುಲಿಯುವಾಗ ಚಾಕು ಕೆಳಗಿನ ಬಿಳಿ ಇನ್ಸುಲೇಶನ್ನಿಗೆ, ಅಂದರೆ ಕ್ರಾಸ್‌ಲಿಂಕ್ ಮಾಡಿದ ಪಾಲಿಥೀನಾದ ಎಕ್ಸ್‌ಎಲ್‌ಪಿಇಗೆ ತಾಗಿದರೆ ಆ ಗೀರೇ ಪಿಡಿಯ ಮನೆಯಾಗುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಉಜ್ಜುಕಾಗದದಿಂದ ನುಣುಪು ಮಾಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಬಿಳಿಯಿಂದ ಕಪ್ಪಿನ ಕಡೆಗೆ ಒಂದೇ ದಿಕ್ಕಿನಲ್ಲಿ ಒರೆಸಿ. ಹಿಮ್ಮುಖವಾಗಿ ಒರೆಸಿದರೆ ಕಾರ್ಬನ್ ಕಣಗಳು ಇನ್ಸುಲೇಶನ್ನಿನ ಮೇಲೆ ಹರಡುತ್ತವೆ. ಕಪ್ಪು ಪದರ ಮುಗಿಯುವ ಅಂಚಿಗೆ, ಅಲ್ಲಿ ಕ್ಷೇತ್ರ ಒಂದೇ ಕಡೆ ಒತ್ತರಿಸದಂತೆ ಹರಡುವ ಸ್ಟ್ರೆಸ್ ಕೋನ್ ಕೂರಿಸಲೇಬೇಕು.

ಭಾಗ ಎರಡು: ಸ್ಪೇಸ್ ಚಾರ್ಜ್

ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಬರುವ ±500 ಕೆವಿ ಡಿಸಿ ಲೈನ್ ಗೋಪುರಗಳ ಮೇಲೆ ಬರುತ್ತದೆ. ಅಲ್ಲಿ ತಂತಿಯ ಸುತ್ತಲಿನ ಗಾಳಿಯೇ ಇನ್ಸುಲೇಶನ್. ಪುಗಳೂರಿನಿಂದ ತ್ರಿಶ್ಶೂರಿಗೆ ಹೋಗುವ ±320 ಕೆವಿ ಡಿಸಿ ಲೈನ್ ಕೇರಳದಲ್ಲಿ ನೆಲದಡಿಯ ಎಕ್ಸ್‌ಎಲ್‌ಪಿಇ ಕೇಬಲ್ ಆಗುತ್ತದೆ. ಅಂಥ ಕೇಬಲ್ಲುಗಳಲ್ಲಿ ಸ್ಪೇಸ್ ಚಾರ್ಜ್ ದೊಡ್ಡ ಪ್ರಶ್ನೆ. ಪಾಲಿಥೀನಿನ ಬರೀ 0.1 ಮಿಲಿಮೀಟರ್ ಪದರದಲ್ಲಿ ಘನ ಮೀಟರಿಗೆ 1 ಕೂಲಂಬಿನಂತೆ ಚಾರ್ಜ್ ಸೇರಿದರೂ ಕ್ಷೇತ್ರ ಮಿಲಿಮೀಟರಿಗೆ ಸುಮಾರು 5 ಕೆವಿಯಷ್ಟು ಏರುಪೇರಾಗುತ್ತದೆ.

ಇದನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಜಪಾನಿನ ತಕಾಡ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಳೆಸಿದ ಪಲ್ಸ್ಡ್ ಎಲೆಕ್ಟ್ರೋ-ಅಕೌಸ್ಟಿಕ್ ವಿಧಾನ, ಚಿಕ್ಕದಾಗಿ ಪಿಇಎ.

ಹಂತ 8: ಶಬ್ದ ಓಡುವ ಹೊತ್ತನ್ನು ಲೆಕ್ಕ ಹಾಕಿ

ಸ್ಯಾಂಪಲ್ಲಿಗೆ ಡಿಸಿಯ ಜೊತೆ ಕೆಲವೇ ನ್ಯಾನೋಸೆಕೆಂಡಿನ ವೋಲ್ಟೇಜ್ ಪಲ್ಸ್ ಕೊಟ್ಟರೆ ಒಳಗೆ ಸಿಕ್ಕಿಕೊಂಡ ಪ್ರತಿ ಚಾರ್ಜೂ ಒಮ್ಮೆ ಅಲುಗಿ ಶಬ್ದದ ಅಲೆ ಎಬ್ಬಿಸುತ್ತದೆ. ಹತ್ತಿರದ ಚಾರ್ಜಿನ ಅಲೆ ಮೊದಲು, ದೂರದ್ದು ಆಮೇಲೆ ಬರುತ್ತದೆ. ಪಾಲಿಥೀನಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 2000 ಮೀಟರ್. ಹಾಗಾಗಿ ಅರ್ಧ ಮಿಲಿಮೀಟರ್ ದಾಟಲು 0.25 ಮೈಕ್ರೋಸೆಕೆಂಡ್ ಬೇಕು. 5 ನ್ಯಾನೋಸೆಕೆಂಡಿನ ಪಲ್ಸ್ ಸುಮಾರು 10 ಮೈಕ್ರೋಮೀಟರ್ ಅಂತರವನ್ನು ಬಿಡಿಸಿ ತೋರಿಸಬಲ್ಲದು.

ಹಂತ 9: ಸೆಲ್ ಜೋಡಿಸಿ

ಒಂದೇ ಹಾಳೆ ಸಾಕು. ಮೇಲೆ ಸೆಮಿಕಂಡಕ್ಟರ್ ಪದರದ ಎಲೆಕ್ಟ್ರೋಡ್, ಕೆಳಗೆ ದಪ್ಪ ಅಲ್ಯೂಮಿನಿಯಂ ಎಲೆಕ್ಟ್ರೋಡ್, ಅದರ ಹಿಂದೆ ಅಲೆಯನ್ನು ಹಿಡಿಯುವ ಪಿವಿಡಿಎಫ್ ಪೀಜೋ ಫಿಲ್ಮ್. ಹಾಳೆಗೂ ಎಲೆಕ್ಟ್ರೋಡಿಗೂ ನಡುವೆ ಒಂದು ಹನಿ ಸಿಲಿಕೋನ್ ಎಣ್ಣೆ ಹಾಕಿ ಒತ್ತಿ. ಗಾಳಿಯ ಗುಳ್ಳೆ ಉಳಿದರೆ ಶಬ್ದ ಅಲ್ಲೇ ನಿಂತುಹೋಗುತ್ತದೆ. 10 ಮಿಲಿಮೀಟರ್ ಅಲ್ಯೂಮಿನಿಯಂ ದಾಟಲು ಅಲೆಗೆ ಸುಮಾರು 1.6 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಪಲ್ಸ್ ಜನರೇಟರಿನ ಗದ್ದಲ ಅಡಗಿರುತ್ತದೆ. ಸಿಗ್ನಲ್ ತೀರಾ ಕ್ಷೀಣವಾದ್ದರಿಂದ ಆಸಿಲೋಸ್ಕೋಪಿನಲ್ಲಿ ನೂರಾರು ಸಲ ಸರಾಸರಿ ತೆಗೆಯಿರಿ.

ಹಂತ 10: ಕ್ಯಾಲಿಬ್ರೇಟ್ ಮಾಡಿ, ಆಮೇಲೆ ಅಳೆಯಿರಿ

ಮೊದಲು 2.5 ಕೆವಿ ಡಿಸಿ ಕೊಡಿ. ಮಿಲಿಮೀಟರಿಗೆ 5 ಕೆವಿಯ ಈ ಕ್ಷೇತ್ರದಲ್ಲಿ ಅಲ್ಪ ಹೊತ್ತಿಗೆ ಸ್ಪೇಸ್ ಚಾರ್ಜ್ ಕೂಡುವುದಿಲ್ಲ ಎಂದು ಹಿಡಿಯಬಹುದು. ಎರಡು ಎಲೆಕ್ಟ್ರೋಡುಗಳ ಜಾಗದಲ್ಲಿ ಎರಡು ಶಿಖರಗಳಷ್ಟೇ ಕಾಣಬೇಕು. ಅಲ್ಲಿನ ಚಾರ್ಜ್ ಚದರ ಮೀಟರಿಗೆ 0.1 ಮಿಲಿಕೂಲಂಬ್ ಎಂದು ಲೆಕ್ಕದಿಂದ ಗೊತ್ತು. ಅದೇ ನಿಮ್ಮ ಅಳತೆಗೋಲು.

ಆಮೇಲೆ 10 ಕೆವಿ ಅಥವಾ ಹೆಚ್ಚಿಗೆ ಏರಿಸಿ, ನಿಗದಿತ ಅವಧಿಗೊಮ್ಮೆ ದಾಖಲಿಸಿ. ಎಲೆಕ್ಟ್ರೋಡಿನ ಬಳಿ ಅದೇ ಚಿಹ್ನೆಯ ಚಾರ್ಜ್ ಕೂಡಿದರೆ ಅಲ್ಲಿ ಕ್ಷೇತ್ರ ತಗ್ಗಿ ನಡುವೆ ಏರುತ್ತದೆ. ವಿರುದ್ಧ ಚಿಹ್ನೆಯದು ಕೂಡಿದರೆ ಎಲೆಕ್ಟ್ರೋಡಿನ ಬಳಿಯೇ ಏರುತ್ತದೆ. ಡಿಸಿಯ ದಿಕ್ಕನ್ನು ಥಟ್ಟನೆ ತಿರುಗಿಸಿದರೆ ಮೊದಲನೆಯದು ಎರಡನೆಯದಾಗಿಬಿಡುತ್ತದೆ. ಕೇಬಲ್ಲಿಗೆ ದಿಕ್ಕುಬದಲು ಅಪಾಯಕಾರಿ ಎನ್ನುವುದು ಇದಕ್ಕೇ.

ಕೊನೆಗೆ ಒಂದು ಕಡ್ಡಾಯ ಪರೀಕ್ಷೆ. ಚಾರ್ಜಿನಿಂದ ಕ್ಷೇತ್ರವನ್ನೂ, ಕ್ಷೇತ್ರವನ್ನು ದಪ್ಪದುದ್ದಕ್ಕೂ ಕೂಡಿಸಿ ವೋಲ್ಟೇಜನ್ನೂ ಪಡೆಯಿರಿ. ನೀವು ಕೊಟ್ಟ 10 ಕೆವಿ ಮರಳಿ ಬರದಿದ್ದರೆ ಆ ಚಿತ್ರವನ್ನು ಯಾರಿಗೂ ತೋರಿಸಬೇಡಿ, ಕ್ಯಾಲಿಬ್ರೇಶನ್ನಿಗೆ ಹಿಂತಿರುಗಿ.

ದಾಖಲೆಯಲ್ಲಿ ಏನಿರಬೇಕು

"ಪಿಡಿ 300 ಪಿಕೋಕೂಲಂಬ್" ಎಂದಷ್ಟೇ ಬರೆದರೆ ಅದು ಅಳತೆಯಾಗುವುದಿಲ್ಲ. ಯಾವ ವೋಲ್ಟೇಜಿನಲ್ಲಿ, ಎಷ್ಟು ಹೊತ್ತಿನ ಮೇಲೆ, ಯಾವ ಫ್ರೀಕ್ವೆನ್ಸಿ ಪಟ್ಟಿಯಲ್ಲಿ, ಎಷ್ಟು ನಾಯ್ಸಿನ ನಡುವೆ, ಎಷ್ಟು ಚಾರ್ಜಿನಿಂದ ಕ್ಯಾಲಿಬ್ರೇಟ್ ಮಾಡಿ, ಆರಂಭ ಮತ್ತು ನಿಂತ ವೋಲ್ಟೇಜ್ ಎಷ್ಟು, ಅಂದಿನ ತಾಪಮಾನ ಮತ್ತು ತೇವಾಂಶ ಎಷ್ಟು ಎಂದೆಲ್ಲ ಬರೆಯಿರಿ. ಚಿತ್ತಾರವನ್ನೂ ಅಂಟಿಸಿ. ಕೇಬಲ್ಲನ್ನು ಮಣ್ಣಿನಡಿ ಹೂಳಬೇಕೋ ಬೇಡವೋ ಎಂದು ತೀರ್ಮಾನಿಸುವ ಇಂಜಿನಿಯರ್ ನಿಮ್ಮ ಲ್ಯಾಬಿಗೆ ಬಂದು ನೋಡುವುದಿಲ್ಲ. ಅವರು ನೆಚ್ಚುವುದು ಈ ಒಂದು ಹಾಳೆಯನ್ನು.