ಇಸಬ್‌ಗೋಲ್ ಮತ್ತು ಒಂದು ಲೋಟ ನೀರು



"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾವೆಲ್ಲ ವಿಸ್ತರಿಸಿ ಬರೆದಿದ್ದೇವೆ. ಆದರೆ ಉಂಡದ್ದು ಸರಿಯಾಗಿ ಹೊರಗೆ ಹೋಗದಿದ್ದರೆ ಏನಾಗುತ್ತದೆ ಅಂತ ಯಾರೂ ಬರೆಯುವುದಿಲ್ಲ. ಆ ಮಾತು ಎತ್ತಿದರೆ ಸಾಕು, ಎಲ್ಲರಿಗೂ ನಗು ಬರ್ತದೆ. ನಗಿ, ತೊಂದರೆ ಇಲ್ಲ. ನಕ್ಕಾದ ಮೇಲೆ ಪೂರ್ತಿ ಓದಿ. ಯಾಕೆಂದರೆ ಇದು ಅಜ್ಜ ಅಜ್ಜಿಯರಿಗೂ ಬರುವ ಕಷ್ಟ, ನಮ್ಮಂಥ ಮಕ್ಕಳಿಗೂ ಬರುವ ಕಷ್ಟ.

ಮಲಬದ್ಧತೆ ಎಂದರೇನು?

ನಾವು ತಿಂದ ಆಹಾರ ಜಠರ ಮತ್ತು ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಬರುತ್ತದೆ. ದೊಡ್ಡ ಕರುಳಿನ ಉದ್ದ ದೊಡ್ಡವರಲ್ಲಿ ಸುಮಾರು 1.5 ಮೀಟರ್. ಉಳಿದ ಪದಾರ್ಥದಲ್ಲಿರುವ ನೀರನ್ನು ಹೀರಿ ದೇಹಕ್ಕೆ ವಾಪಸು ಕೊಡುವುದು ಅದರ ಒಂದು ಮುಖ್ಯ ಕೆಲಸ. ಮಲವು ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ನೀರು ಕಡಿಮೆಯಾಗಿ ಗಟ್ಟಿಯಾಗುತ್ತದೆ. ಆಗ ಎರಡಕ್ಕೆ ಹೋಗುವಾಗ ನೋವು, ಹೊಟ್ಟೆ ಉಬ್ಬರ, ಊಟ ಬೇಡ ಅನ್ನಿಸುವುದು ಎಲ್ಲ ಶುರುವಾಗ್ತದೆ. ಇದೇ ಮಲಬದ್ಧತೆ.

ದಿನಕ್ಕೆ ಒಂದು ಸಲ ಹೋಗಲೇಬೇಕು ಎಂದು ಕೆಲವರು ಹೆದರ್ತಾರೆ. ಹಾಗೇನೂ ಇಲ್ಲ. ದಿನಕ್ಕೆ 3 ಸಲದಿಂದ ಹಿಡಿದು ವಾರಕ್ಕೆ 3 ಸಲದವರೆಗೆ, ನೋವಿಲ್ಲದೆ ಸುಲಭವಾಗಿ ಹೋದರೆ ಅದು ಸಹಜವೇ.

ಇಸಬ್‌ಗೋಲ್ ಎಲ್ಲಿಂದ ಬಂತು?

ಮಲಬದ್ಧತೆಗೆ ತುಂಬ ಜನ ತೆಗೆದುಕೊಳ್ಳುವ ಒಂದು ಪದಾರ್ಥ ಇಸಬ್‌ಗೋಲ್. ಮಂಗಳೂರಿನಲ್ಲಿ ಗ್ರಂಧಿಗೆ ಅಂಗಡಿಯಲ್ಲೂ ಸಿಗ್ತದೆ, ಮೆಡಿಕಲ್ ಶಾಪಿನಲ್ಲೂ ಸಿಗ್ತದೆ. ನೋಡಲಿಕ್ಕೆ ತೆಳು ಬಿಳಿ ಹೊಟ್ಟಿನ ಹಾಗೆ, ಊದಿದರೆ ಹಾರುವಷ್ಟು ಹಗುರ.

ಇದು ಒಂದು ಸಣ್ಣ ಗಿಡದ ಬೀಜದ ಹೊರಗಿನ ಸಿಪ್ಪೆ. ಗಿಡದ ವೈಜ್ಞಾನಿಕ ಹೆಸರು ಪ್ಲಾಂಟಾಗೋ ಓವೇಟಾ. ಬೀಜ ದೋಣಿಯ ಆಕಾರದಲ್ಲಿದ್ದು ಕುದುರೆಯ ಕಿವಿಯಂತೆ ಕಾಣುವುದರಿಂದ ಪರ್ಷಿಯನ್ ಭಾಷೆಯಲ್ಲಿ ಈ ಹೆಸರು ಬಂತು. 'ಅಸ್ಪ್' ಎಂದರೆ ಕುದುರೆ, ನಮ್ಮ 'ಅಶ್ವ' ಶಬ್ದದ ನೆಂಟ. ಇಂಗ್ಲಿಷಿನ 'ಸಿಲಿಯಂ' ಎಂಬ ಹೆಸರು ಗ್ರೀಕ್ ಭಾಷೆಯಲ್ಲಿ ಚಿಗಟಕ್ಕೆ ಇರುವ ಶಬ್ದದಿಂದ ಬಂದದ್ದು. ಒಂದೇ ಬೀಜವನ್ನು ನೋಡಿ ಒಬ್ಬರಿಗೆ ಕುದುರೆ ಕಿವಿ ನೆನಪಾಯ್ತು, ಇನ್ನೊಬ್ಬರಿಗೆ ಚಿಗಟ!

ಇದನ್ನು ಅತಿ ಹೆಚ್ಚು ಬೆಳೆಯುವ ದೇಶ ಭಾರತ. ಗುಜರಾತ್, ರಾಜಸ್ಥಾನ ಮತ್ತು ಮಧ್ಯಪ್ರದೇಶದಲ್ಲಿ ನವೆಂಬರ್ ಹೊತ್ತಿಗೆ ಬಿತ್ತಿ ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಯುತ್ತಾರೆ. ಗುಜರಾತಿನ ಉಂಝಾ ಪಟ್ಟಣದ ಮಾರುಕಟ್ಟೆ ಜೀರಿಗೆಗೂ ಇಸಬ್‌ಗೋಲಿಗೂ ಪ್ರಸಿದ್ಧ. ಈ ಬೆಳೆಗೆ ತಂಪಾದ ಒಣ ಹವೆ ಬೇಕು. ಕೊಯ್ಲಿನ ಸಮಯದಲ್ಲಿ ಒಂದು ಮಳೆ ಬಂದರೂ ಬೀಜ ನೀರು ಹೀರಿ ಉಬ್ಬಿ ಉದುರಿ ಬೆಳೆ ಹಾಳಾಗುತ್ತದೆ. ನಮ್ಮ ಕರಾವಳಿಯ ಸೆಕೆ ಮತ್ತು ತೇವದ ಗಾಳಿ ಇದಕ್ಕೆ ಆಗುವುದಿಲ್ಲ. ಹೊಲದಲ್ಲಿ ರೈತರಿಗೆ ನಷ್ಟ ಮಾಡುವ ಈ ನೀರು ಹೀರುವ ಗುಣವೇ ನಮ್ಮ ಹೊಟ್ಟೆಗೆ ಉಪಕಾರ ಮಾಡುವುದು.

ನಾವು ಮಾಡಿ ನೋಡಿದ ಪ್ರಯೋಗ

ವಿಜ್ಞಾನ ಪಿರಿಯಡಿನಲ್ಲಿ ಟೀಚರ್ ಮೂರು ಲೋಟ ಇಟ್ಟು ತೋರಿಸಿದರು. ನೀವೂ ಮನೆಯಲ್ಲಿ ದೊಡ್ಡವರ ಎದುರು ಮಾಡಬಹುದು.

1ನೇ ಲೋಟ: ಒಂದು ಟೀ ಚಮಚ ಇಸಬ್‌ಗೋಲ್, ಒಂದು ಲೋಟ ತುಂಬ ನೀರು.
2ನೇ ಲೋಟ: ಒಂದು ಟೀ ಚಮಚ ಇಸಬ್‌ಗೋಲ್, ಎರಡೇ ಚಮಚ ನೀರು.
3ನೇ ಲೋಟ: ಒಂದು ಟೀ ಚಮಚ ಗೋಧಿ ತೌಡು, ಒಂದು ಲೋಟ ತುಂಬ ನೀರು.

10 ನಿಮಿಷ ಕಾದೆವು. 1ನೇ ಲೋಟದ ನೀರು ಲೋಳೆಯಾಗಿ, ಗಂಜಿಯ ತಿಳಿಯ ಹಾಗೆ ಜಾರುತ್ತಿತ್ತು. 2ನೇ ಲೋಟದಲ್ಲಿ ಅಂಟಿನ ಉಂಡೆಯಾಗಿ ಲೋಟ ಬೋರಲು ಹಾಕಿದರೂ ಬೀಳಲಿಲ್ಲ. 3ನೇ ಲೋಟದಲ್ಲಿ ತೌಡು ಒದ್ದೆಯಾಗಿತ್ತು ಅಷ್ಟೆ, ನೀರು ನೀರಾಗಿಯೇ ಇತ್ತು.

ಇದರಿಂದ ತಿಳಿಯುವುದೇನೆಂದರೆ ನಾರಿನಲ್ಲಿ ಎರಡು ವಿಧ. ಲೋಳೆಯಾಗುವ ನಾರು ಒಂದು, ತೌಡು ಮತ್ತು ತರಕಾರಿ ಸಿಪ್ಪೆಯಲ್ಲಿರುವ ಕರಗದ ನಾರು ಇನ್ನೊಂದು. ಲೋಳೆ ನಮಗೆ ಹೊಸತಲ್ಲ. ಬಸಳೆ, ಬೆಂಡೆಕಾಯಿ, ತಲೆಗೆ ಹಚ್ಚುವ ದಾಸವಾಳದ ಎಲೆ, ಫಲೂದದಲ್ಲಿ ಹಾಕುವ ಕಾಮಕಸ್ತೂರಿ ಬೀಜ, ಎಲ್ಲದರಲ್ಲೂ ಅದು ಉಂಟು.

ಹೊಟ್ಟೆಯೊಳಗೆ ಏನಾಗುತ್ತದೆ?

ಇಸಬ್‌ಗೋಲನ್ನು ಜೀರ್ಣ ಮಾಡುವ ಕಿಣ್ವ ನಮ್ಮಲ್ಲಿ ಇಲ್ಲ. ಆದ್ದರಿಂದ ಅದು ತಾನು ಹಿಡಿದ ನೀರನ್ನು ಬಿಡದೆ ದೊಡ್ಡ ಕರುಳಿನ ಕೊನೆಯವರೆಗೂ ಹೋಗುತ್ತದೆ. ಮಲ ಮೆತ್ತಗಾಗಿ ಗಾತ್ರ ಹೆಚ್ಚುತ್ತದೆ. ಕರುಳಿಗೆ ತಳ್ಳಲು ಸುಲಭವಾಗುತ್ತದೆ. ಭೇದಿಯ ಔಷಧಿಯ ಹಾಗೆ ಕೂಡಲೇ ಓಡಿಸುವುದಿಲ್ಲ, 12 ಗಂಟೆಯಿಂದ 3 ದಿನದವರೆಗೆ ಕಾಯಬೇಕು. ಹೊಟ್ಟೆ ಸಡಿಲವಾದಾಗ ಹೆಚ್ಚಿನ ನೀರನ್ನು ಹೀರಿ ಗಟ್ಟಿ ಮಾಡಲಿಕ್ಕೂ ಇದೇ ಉಪಯೋಗ. ಅದಕ್ಕೇ ಮೊಸರಿನಲ್ಲಿ ಕಲಸಿ ಕೊಡುವ ಪದ್ಧತಿ ಉಂಟು.

ಅಜ್ಜಿಗೆ ಯಾಕೆ ಬೇಕಾಯ್ತು?

ನನ್ನ ಅಜ್ಜಿ ಮೊದಲು ಊರಲ್ಲೇ ಇದ್ದರು. ಈಗ ಮಂಗಳೂರಿನಲ್ಲಿ ಚಿಕ್ಕಪ್ಪನ ಫ್ಲ್ಯಾಟಿನಲ್ಲಿ ಇದ್ದಾರೆ. ಅಲ್ಲಿಗೆ ಹೋಗಿ ಎರಡು ತಿಂಗಳಲ್ಲಿ ಹೊಟ್ಟೆ ಕಟ್ಟಿತು. ಡಾಕ್ಟರು ಇಸಬ್‌ಗೋಲ್ ಬರೆದುಕೊಟ್ಟರು. ಒಂದು ಚಮಚವನ್ನು ಒಂದು ಲೋಟ ನೀರಿಗೆ ಹಾಕಿ, ಕಲಸಿ, ಗಟ್ಟಿಯಾಗುವ ಮೊದಲೇ ಕುಡಿಯಬೇಕು, ಹಿಂದಿನಿಂದ ಇನ್ನೊಂದು ಲೋಟ ನೀರು ಕುಡಿಯಬೇಕು ಎಂದರು. ಬಿ.ಪಿ. ಮಾತ್ರೆಗೂ ಇದಕ್ಕೂ 2 ಗಂಟೆ ಅಂತರ ಇರಬೇಕು, ಯಾಕೆಂದರೆ ಲೋಳೆಯೊಳಗೆ ಮಾತ್ರೆ ಸಿಕ್ಕಿದರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ ಎಂದೂ ಹೇಳಿದರು. ಮೂರನೇ ದಿನ ಅಜ್ಜಿಗೆ ಆರಾಮ ಆಯ್ತು.

ಊರಲ್ಲಿ ಬೇಡವಾಗಿದ್ದ ಇಸಬ್‌ಗೋಲ್ ಮಂಗಳೂರಿನಲ್ಲಿ ಯಾಕೆ ಬೇಕಾಯ್ತು ಅಂತ ನಾನು ಕೇಳಿದೆ. ಅಜ್ಜಿ ಹೇಳಿದರು: "ಊರಲ್ಲಿ ದಿನಕ್ಕೆ ನಾಲ್ಕು ಸಲ ತೋಟಕ್ಕೆ ಹೋಗಿ ಬರ್ತಿದ್ದೆ ಮಗಾ. ಬಾಯಾರಿಕೆ ಆಗಿ ಚೆಂಬುಗಟ್ಟಲೆ ನೀರು ಕುಡೀತಿದ್ದೆ. ಇಲ್ಲಿ ಲಿಫ್ಟಲ್ಲಿ ಇಳಿದು ಲಿಫ್ಟಲ್ಲೇ ಹತ್ತುವುದು. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗ್ಲಿಕ್ಕೆ ಹೆದರಿಕೆ ಅಂತ ನೀರೂ ಕಡಿಮೆ ಮಾಡಿದೆ."

ಊಟವೂ ಬದಲಾಗಿತ್ತು. ಊರಲ್ಲಿ ಕೆಂಪು ಕುಚ್ಚಲಕ್ಕಿ ಗಂಜಿ, ಹರಿವೆ, ಬಸಳೆ, ಬಾಳೆದಿಂಡಿನ ಪಲ್ಯ, ಹುರುಳಿ ಸಾರು. ಅಲ್ಲಿ ಬಿಳಿ ಅನ್ನ, ಬ್ರೆಡ್ಡು, ಸಂಜೆಗೆ ಗೋಳಿಬಜೆ ಅಥವಾ ಬನ್ಸ್. ಎರಡೂ ರುಚಿ, ಎರಡೂ ಮೈದಾದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ, ಬೇಯಿಸದ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ, ರಾಗಿಯಲ್ಲಿ ಸುಮಾರು 11 ಗ್ರಾಂ, ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ. ದೊಡ್ಡವರಿಗೆ ದಿನಕ್ಕೆ ಸುಮಾರು 30 ಗ್ರಾಂ ಬೇಕು. ಲೆಕ್ಕ ಮಾಡಿ ನೋಡಿ, ಬರೀ ಬಿಳಿ ಅನ್ನದಿಂದ ಅಷ್ಟು ನಾರು ಸಿಗಬೇಕಾದರೆ 1 ಕಿಲೋ ಅಕ್ಕಿ ಉಣ್ಣಬೇಕು!

ಡೆನಿಸ್ ಬರ್ಕಿಟ್ ಎಂಬ ಐರ್ಲೆಂಡಿನ ಶಸ್ತ್ರವೈದ್ಯರು ಆಫ್ರಿಕದ ಉಗಾಂಡದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರು. ನಾರು ಹೆಚ್ಚಿರುವ ಊಟ ಮಾಡುವ ಅಲ್ಲಿನ ಹಳ್ಳಿಯವರಿಗೆ ಹೊಟ್ಟೆ ಕಟ್ಟುವ ತೊಂದರೆ ಅಪರೂಪ ಎಂಬುದನ್ನು ಗಮನಿಸಿ, 1972ರಲ್ಲಿ ಇಬ್ಬರು ಸಂಗಡಿಗರೊಂದಿಗೆ ಅದರ ಬಗ್ಗೆ ಲೇಖನ ಬರೆದರು. ನಮ್ಮ ಅಜ್ಜಿಯರ ಅಡುಗೆಯಲ್ಲಿ ಇದ್ದದ್ದೂ ಅದೇ.

ನೀರು ಕಡಿಮೆಯಾದರೆ ಅಪಾಯ

ಅದೇ ಕಟ್ಟಡದ ಇನ್ನೊಬ್ಬ ಅಜ್ಜ, ಯಾರೋ ಹೇಳಿದರು ಅಂತ ಇಸಬ್‌ಗೋಲನ್ನು ಚಮಚದಲ್ಲಿ ಹಾಗೇ ಬಾಯಿಗೆ ಹಾಕಿ ಒಂದು ಗುಟುಕು ನೀರು ಕುಡಿದರಂತೆ. ಅದು ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡಿತು. ಉಗುಳು ನುಂಗಲಿಕ್ಕೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಬಾಯಿಯಿಂದ ನಳಿಕೆ ಇಳಿಸಿ ತೆಗೆಯಬೇಕಾಯ್ತು. ನಮ್ಮ 2ನೇ ಲೋಟವನ್ನು ನೆನಪು ಮಾಡಿಕೊಳ್ಳಿ. ಸಾಮಾನು ಅದೇ, ಚಮಚವೂ ಅದೇ, ನೀರು ಮಾತ್ರ ಬೇರೆ. ಆದ್ದರಿಂದ ಮನೆಯಲ್ಲಿ ಹಿರಿಯರು ತೆಗೆದುಕೊಳ್ಳುವಾಗ ಲೋಟ ತುಂಬಿಸಿ ಕೊಡುವ ಕೆಲಸ ನಾವು ಮಾಡೋಣ.

ನಮ್ಮ ತರಗತಿಯ ಮಾತು

ಇದನ್ನು ಬರೆಯುವ ಮೊದಲು ನಾನು ನಮ್ಮ ತರಗತಿಯ ಹುಡುಗಿಯರನ್ನು ಕೇಳಿದೆ. ತುಂಬ ಜನ ಬೆಳಿಗ್ಗೆ ನೀರು ಕುಡಿಯದೆ ಬರ್ತಾರೆ, ಸಂಜೆ ಮನೆಗೆ ಹೋಗುವವರೆಗೆ ತಡೆದುಕೊಳ್ತಾರೆ. ಯಾಕೆ? ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ, ಬಕೆಟಿನಲ್ಲಿ ನೀರು ಇರುವುದಿಲ್ಲ, ಹುಡುಗರು ನಗ್ತಾರೆ. ಅಜ್ಜಿ ಮಂಗಳೂರಿನಲ್ಲಿ ಹೆದರಿ ನೀರು ಕಡಿಮೆ ಮಾಡಿದ ಹಾಗೆಯೇ ನಾವು ಇಲ್ಲಿ ಮಾಡ್ತಾ ಇದ್ದೇವೆ. ಬಂದದ್ದನ್ನು ತಡೆದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ನೋವಾಗ್ತದೆ ಅಂತ ಮತ್ತೆ ತಡೆಯುವುದು, ಮತ್ತೂ ಗಟ್ಟಿಯಾಗುವುದು. ಇದಕ್ಕೆ ಇಸಬ್‌ಗೋಲ್ ಉತ್ತರ ಅಲ್ಲ.

ಗುರುಗಳಲ್ಲಿ ಒಂದು ವಿನಂತಿ. ಒಂದು ಚಿಲಕ, ಒಂದು ಬಕೆಟು, ಒಂದು ಮಗ್ಗು ಆದರೆ ಸಾಕು. ನೀರು ತುಂಬಿಸುವ ಪಾಳಿಯನ್ನು ನಾವೇ ಹಂಚಿಕೊಳ್ತೇವೆ, ಹುಡುಗರೂ ಸೇರಿ. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲಿಕ್ಕೆಂದೇ ಗಂಟೆ ಬಾರಿಸುವುದನ್ನು ಶುರು ಮಾಡಿದರು. ನಮ್ಮಲ್ಲೂ ಎರಡನೇ ಪಿರಿಯಡ್ ಆದ ಮೇಲೆ ಒಂದು ಗಂಟೆ ಬಾರಿಸಿದರೆ ಒಳ್ಳೆಯದು.

ನೆನಪಿಡಿ

1. ಇಸಬ್‌ಗೋಲನ್ನು ಒಣಗಿದ್ದೇ ನುಂಗಬಾರದು. ಪೂರ್ತಿ ಒಂದು ಲೋಟ ನೀರು ಬೇಕೇ ಬೇಕು.
2. ಕುಡಿದು ಕೂಡಲೇ ಮಲಗಬಾರದು.
3. ಮೊದಲು ಸ್ವಲ್ಪದಿಂದ ಶುರು ಮಾಡಬೇಕು. ಒಮ್ಮೆಲೇ ಹೆಚ್ಚು ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ.
4. ನುಂಗಲು ಕಷ್ಟ ಇರುವವರು, ಕರುಳಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಮಕ್ಕಳೂ ಅಷ್ಟೆ.
5. ಮಲದಲ್ಲಿ ರಕ್ತ, ವಾಂತಿ, ಜೋರು ಹೊಟ್ಟೆನೋವು, ತೂಕ ಇಳಿಯುವುದು ಕಂಡರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು.
6. ತಿಂಡಿ ತಿಂದ ಮೇಲೆ ದೊಡ್ಡ ಕರುಳು ಚುರುಕಾಗುತ್ತದೆ. ಬೆಳಿಗ್ಗೆ 10 ನಿಮಿಷ ಬೇಗ ಎದ್ದು, ತಿಂಡಿ ತಿಂದು, ಅವಸರ ಇಲ್ಲದೆ ಹೋಗುವ ಅಭ್ಯಾಸ ಮಾಡಿ.
7. ಸೊಪ್ಪು, ಕಾಳು, ಪೇರಳೆ, ಬಾಳೆದಿಂಡು ತಟ್ಟೆಯಲ್ಲಿ ಬಿಡಬೇಡಿ.

ಉತ್ತರ ಹೇಳಿ ನೋಡೋಣ

1. ಇಸಬ್‌ಗೋಲ್ ಗಿಡದ ಯಾವ ಭಾಗ?
2. 2ನೇ ಲೋಟದಲ್ಲಿ ಉಂಡೆಯಾದದ್ದು ಯಾಕೆ?
3. ನಿಮ್ಮ ಮನೆಯ ಹಿತ್ತಲಲ್ಲಿ ಸಿಗುವ, ಲೋಳೆ ಇರುವ ಮೂರು ಗಿಡಗಳನ್ನು ಹೆಸರಿಸಿ.

ಉತ್ತರವನ್ನು ಚೀಟಿಯಲ್ಲಿ ಬರೆದು ಶನಿವಾರದೊಳಗೆ ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

- 7ನೇ ತರಗತಿಯ ವಿದ್ಯಾರ್ಥಿನಿ